ಜೀಪಿಗೆ ಮೂಡ್ ಇರುವುದಿಲ್ಲ

ಹಳೆಯ ಮಿಲಿಟರಿ ಜೀಪಿನ ಬಗ್ಗೆ ನಮ್ಮಲ್ಲಿ ಯಾರು ಲಹರಿ ಬರೆದರೂ ಒಂದು ಮಾತು ಬಂದೇ ಬರುತ್ತದೆ. ಅದಕ್ಕೆ ಮೂಡ್ ಬಂದರೆ ಮಾತ್ರ ಸ್ಟಾರ್ಟ್ ಆಗುತ್ತಿತ್ತಂತೆ. ಮುಂದಿನ ಪ್ಯಾರಾದಲ್ಲಿ ಒಬ್ಬ ಮುದುಕ ಮೇಸ್ತ್ರಿ ಬರುತ್ತಾನೆ, ಬಾನೆಟ್ ಎತ್ತಿ ಏನೋ ಮುಟ್ಟುತ್ತಾನೆ, ಜೀಪು ಗುಡುಗುತ್ತದೆ. ಅವನ ಕೈಗುಣ ದೊಡ್ಡದು ಎಂದು ಬರೆದು ಲೇಖಕರು ಮುಗಿಸುತ್ತಾರೆ. ಅವನು ಮುಟ್ಟಿದ್ದು ಏನನ್ನು, ಅದನ್ನೇ ಯಾಕೆ ಮುಟ್ಟಿದ ಎಂದು ಕೇಳುವ ತೊಂದರೆಯನ್ನು ಯಾರೂ ತೆಗೆದುಕೊಳ್ಳುವುದಿಲ್ಲ. ಈ ಬಗೆಯ ಬರವಣಿಗೆಯ ಮೇಲೆ ನನಗೆ ಸಿಟ್ಟಿದೆ. ಇದು ಜೀಪಿಗೂ ಮೇಸ್ತ್ರಿಗೂ ಒಟ್ಟಿಗೇ ಮಾಡುವ ಅವಮಾನ.

ಎರಡನೇ ಮಹಾಯುದ್ಧದ ವಿಲ್ಲೀಸ್ ಎಂಬಿ ಜೀಪನ್ನೇ ತೆಗೆದುಕೊಳ್ಳಿ. ಅದು ಮತ್ತು ಅದರ ಅವಳಿ ಫೋರ್ಡ್ ಜಿಪಿಡಬ್ಲ್ಯು ಸೇರಿ ಆರು ಲಕ್ಷಕ್ಕೂ ಹೆಚ್ಚು ತಯಾರಾದವು. 2.2 ಲೀಟರಿನ ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್, 60 ಅಶ್ವಶಕ್ತಿ, ವಾಲ್ವುಗಳು ತಲೆಯ ಮೇಲಲ್ಲ, ಪಕ್ಕದಲ್ಲಿ. ಯುದ್ಧ ಮುಗಿದ ಮೇಲೆ ಡಿಸ್ಪೋಸಲ್‌ನಲ್ಲಿ ಹೋದ ಜೀಪುಗಳು, 1940ರ ದಶಕದ ಕೊನೆಯಿಂದ ಮಹೀಂದ್ರಾದವರು ಜೋಡಿಸಿದ ಅವುಗಳ ತಮ್ಮಂದಿರು, ಮಲೆನಾಡು ಮತ್ತು ಕೊಡಗಿನ ತೋಟಗಳಲ್ಲಿ ದುಡಿದವು. ಈ ಎಂಜಿನ್ನು ಹೊತ್ತಿಕೊಳ್ಳಲು ಬೇಕಾದದ್ದು ಮೂರೇ: ಸರಿಯಾದ ಹೊತ್ತಿಗೆ ಕಿಡಿ, ಹದವಾದ ಪೆಟ್ರೋಲು-ಗಾಳಿ, ಸಾಕಷ್ಟು ಕಂಪ್ರೆಶನ್. ಮೂರೂ ಇದ್ದು ಸಾಕಷ್ಟು ವೇಗವಾಗಿ ತಿರುಗಿಸಿದರೆ ಅದು ಹೊತ್ತಲೇಬೇಕು. ಬೇರೆ ದಾರಿ ಅದಕ್ಕಿಲ್ಲ.

ಸಕಲೇಶಪುರದ ಕಡೆಯ ಒಂದು ತೋಟದಲ್ಲಿ ನಾನು ನೋಡಿದ ಜೀಪಿನ ಕತೆ ಹೇಳುತ್ತೇನೆ. ಸೆಲ್ಫ್ ಹೊಡೆದರೆ ಎಂಜಿನ್ ನರಳುತ್ತಾ ತಿರುಗುತ್ತಿತ್ತು, ಹೊತ್ತಿಕೊಳ್ಳುತ್ತಿರಲಿಲ್ಲ. ಒಂದು ಗ್ಯಾರೇಜಿನವರು ಕಾರ್ಬರೇಟರ್ ಬದಲಿಸಿದರು. ಇನ್ನೊಬ್ಬರು ಪ್ಲಗ್ಗು, ಕಾಯಿಲ್ಲು ಎರಡನ್ನೂ. ಮೂರನೆಯವರು, ‘ಇದನ್ನು ಕಿತ್ತು ಡೀಸೆಲ್ ಎಂಜಿನ್ ಕೂರಿಸಿಬಿಡಿ ಸಾರ್’ ಎಂದರು. ನಾಲ್ಕನೆಯವರು ವಯಸ್ಸಾದವರು. ಅವರು ಸ್ಪ್ಯಾನರನ್ನೇ ಮುಟ್ಟಲಿಲ್ಲ. ಮುಂದಿನಿಂದ ಹ್ಯಾಂಡಲ್ ತೂರಿಸಿ, ಹೆಬ್ಬೆರಳನ್ನು ಉಳಿದ ಬೆರಳುಗಳ ಕಡೆಗೇ ಇಟ್ಟುಕೊಂಡು (ಎಂಜಿನ್ ಹಿಂದಕ್ಕೆ ಒದ್ದರೆ ಸುತ್ತಿ ಹಿಡಿದ ಹೆಬ್ಬೆರಳು ಮುರಿಯುತ್ತದೆ) ಎರಡು ಸಲ ಎಳೆದರು. ಎರಡನೆಯದಕ್ಕೆ ಎಂಜಿನ್ ಓಡಿತು.

ಇದನ್ನು ಪವಾಡವೆಂದು ಬರೆಯುವವರು ಇಲ್ಲೇ ಪುಟ ಮುಚ್ಚುತ್ತಾರೆ. ಅವರು ಮಾಡಿದ್ದು ಶುದ್ಧ ತರ್ಕ. ಕೈಯಲ್ಲಿ ತಿರುಗಿಸಿದಾಗ ಹೊತ್ತಿತು ಎಂದರೆ ಪೆಟ್ರೋಲು ಬರುತ್ತಿದೆ, ಕಿಡಿ ಇದೆ, ಕಂಪ್ರೆಶನ್ ಇದೆ. ಹಾಗಾದರೆ ದೋಷ ಸೆಲ್ಫ್ ಎಳೆಯುವ ಕರೆಂಟಿನ ಹಾದಿಯಲ್ಲಿ ಮಾತ್ರ ಇರಬೇಕು. ಒಂದೇ ಪರೀಕ್ಷೆಯಲ್ಲಿ ಮುಕ್ಕಾಲು ಎಂಜಿನ್ ಅನುಮಾನದಿಂದ ಹೊರಗೆ ಹೋಯಿತು. ಆಮೇಲೆ ಮೀಟರಿನ ಒಂದು ಮುಳ್ಳನ್ನು ಬ್ಯಾಟರಿಯ ಅರ್ಥ್ ತುದಿಗೂ ಇನ್ನೊಂದನ್ನು ಎಂಜಿನ್ ಬ್ಲಾಕಿಗೂ ಇಟ್ಟು ಸೆಲ್ಫ್ ಹೊಡೆಸಿದರು. ಹೆಚ್ಚುಕಮ್ಮಿ ಸೊನ್ನೆ ತೋರಿಸಬೇಕಾದಲ್ಲಿ ಒಂದೂವರೆ ವೋಲ್ಟ್ ಇತ್ತು. ಈ ಜೀಪಿನದು 6 ವೋಲ್ಟ್ ವ್ಯವಸ್ಥೆ. ಅಂದರೆ ಬ್ಯಾಟರಿಯ ಕಾಲು ಭಾಗ ಅಲ್ಲೇ ಸೋರುತ್ತಿತ್ತು. ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುವುದರಿಂದ ಅದಕ್ಕೂ ಚಾಸಿಗೂ ನಡುವೆ ಹೆಣೆದ ತಂತಿಯ ಪಟ್ಟಿಯೊಂದು ಇರುತ್ತದೆ. ಯಾರೋ ಚಾಸಿಗೆ ಅಂದವಾಗಿ ಪೇಂಟ್ ಹೊಡೆಸಿದಾಗ ಆ ಪಟ್ಟಿಯ ಬುಡಕ್ಕೂ ಬಣ್ಣ ಹೋಗಿತ್ತು. ಕೆರೆದು ಬಿಗಿ ಮಾಡಿದರು. ಸಾಲದ್ದಕ್ಕೆ ಬ್ಯಾಟರಿಗೆ ಹಾಕಿದ್ದು 12 ವೋಲ್ಟ್ ಗಾಡಿಯ ತೆಳು ಕೇಬಲ್. ಅಷ್ಟೇ ಶಕ್ತಿಗೆ 6 ವೋಲ್ಟಿನಲ್ಲಿ ಎರಡರಷ್ಟು ಕರೆಂಟ್ ಬೇಕು, ಹಾಗಾಗಿ ಕೇಬಲ್ ದಪ್ಪವೇ ಇರಬೇಕು. ಅದನ್ನೂ ಬದಲಿಸಿದರು.

ಇಷ್ಟನ್ನು ಕೈಗುಣ ಎಂದು ಕರೆದರೆ ಏನಾಗುತ್ತದೆ? ಅದು ಹುಟ್ಟಿನಿಂದ ಬಂದದ್ದು, ಕಲಿಸಲು ಬಾರದ್ದು ಎಂದಾಗುತ್ತದೆ. ಮೇಸ್ತ್ರಿ ಹೋದಾಗ ಜೊತೆಗೆ ವಿದ್ಯೆಯೂ ಹೋಗುತ್ತದೆ, ನಾವು ಇನ್ನೊಂದು ಚಂದದ ಲಹರಿ ಬರೆಯುತ್ತೇವೆ. ಅಮೆರಿಕದ ಸೈನ್ಯ 1944ರಲ್ಲೇ ಈ ಜೀಪಿಗೆ ಟಿಎಂ 9-803 ಎಂಬ ಕೈಪಿಡಿ ಅಚ್ಚು ಹಾಕಿಸಿತು. ಯಂತ್ರವನ್ನೇ ಕಂಡಿರದ ಹಳ್ಳಿಯ ಹುಡುಗನೂ ಓದಿ ದೋಷ ಹುಡುಕಬೇಕು ಎಂಬ ನಂಬಿಕೆ ಅದರ ಹಿಂದಿತ್ತು. ನಮ್ಮಲ್ಲಿ ಆ ನಂಬಿಕೆಯೇ ಇಲ್ಲ. ತಾಂತ್ರಿಕ ಕನ್ನಡ ಎಂದರೆ ಸಮಿತಿ ಕೂತು ಸಂಸ್ಕೃತದಿಂದ ಪದ ಟಂಕಿಸುವುದು ಎಂದುಕೊಂಡಿದ್ದೇವೆ. ‘ಡೆಲ್ಕೊ ತೆಗೆದು ಪಾಯಿಂಟ್ ಉಜ್ಜು’, ‘ಏರ್ ಹಿಡಿದಿದೆ’, ‘ಟ್ಯಾಪೆಟ್ ಟೈಟಾಗಿದೆ’ ಎನ್ನುವುದು ನಿಖರವಾದ ಕನ್ನಡ. ಟ್ಯಾಪೆಟ್ ಟೈಟಾಗಿದ್ದರೆ ಬಿಸಿಯಾದಾಗ ವಾಲ್ವ್ ಪೂರ್ತಿ ಮುಚ್ಚದೆ ಕಂಪ್ರೆಶನ್ ಸೋರುತ್ತದೆ. ಎರಡೇ ಪದದಲ್ಲಿ ಕಾರಣವೂ ಮದ್ದೂ ಇದೆ. ಭಾಷಾ ವಿಭಾಗಗಳಲ್ಲಿ ಸಂಶೋಧನೆ ಮಾಡುವ ನನ್ನಂಥವರು ಹಾಡುಗಳನ್ನು ಸಂಗ್ರಹಿಸಲು ಊರೂರು ಸುತ್ತುತ್ತೇವೆ, ಗ್ಯಾರೇಜಿನ ಮುಂದೆ ಟೇಪ್ ಆಫ್ ಮಾಡುತ್ತೇವೆ.

ಈಗ ಹೊಸ ನೆಪವೊಂದು ಸಿಕ್ಕಿದೆ, ಎಥನಾಲ್. 20 ಶೇಕಡಾ ಬೆರೆಸಿದ ಪೆಟ್ರೋಲು ಹಳೆಯ ಪಂಪಿನ ಡಯಾಫ್ರಮ್ಮಿಗೆ, ರಬ್ಬರ್ ಪೈಪಿಗೆ ಒಳ್ಳೆಯದಲ್ಲ, ನೀರನ್ನೂ ಹೀರುತ್ತದೆ, ನಿಜ. ಆದರೆ ಕಂಡೆನ್ಸರ್ ಸತ್ತು ಕಿಡಿ ಹಳದಿಯಾಗಿ ಪಾಯಿಂಟ್ ಸುಟ್ಟಿದ್ದರೂ ‘ಎಲ್ಲ ಎಥನಾಲಿಂದ’ ಎನ್ನುವುದು ಮೂಡ್ ಎನ್ನುವುದಕ್ಕಿಂತ ಹೇಗೆ ಬೇರೆ? ಪಂಪಿನ ಗಾಜಿನ ಬಟ್ಟಲಲ್ಲಿ ನೀರು ನಿಂತಿದೆಯೇ ಎಂದು ಬಗ್ಗಿ ನೋಡಲು ಅರ್ಧ ನಿಮಿಷ ಸಾಕು. ಪಾಯಿಂಟಿನ ಸಂದು 0.020 ಇಂಚು, ಪ್ಲಗ್ಗಿನದು 0.030. ಅಳೆಯುವ ಫೀಲರ್ ಗೇಜು ಒಂದು ಕಾದಂಬರಿಯ ಬೆಲೆಗೆ ಸಿಗುತ್ತದೆ.

ಮೂರನೆಯ ಗ್ಯಾರೇಜಿನವರ ಮಾತು ಕೇಳಿದ ತೋಟಗಳೂ ಇವೆ. ಅಲ್ಲೆಲ್ಲ ಈಗ ಜೀಪು ಡೀಸೆಲ್ಲಿನಲ್ಲಿ ಓಡುತ್ತದೆ. ಏನೂ ಕೆಡದಿದ್ದ ಎಂಜಿನ್ನು ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗಿದೆ.