ಮೊದಲು ಹಿಮ್ಮೇಳ, ಆಮೇಲೆ ಮೈಕು

ಸೆಮಿನಾರ್ ದಿನ ಹತ್ತಿರ ಬಂತೆಂದರೆ ನಮ್ಮ ಕ್ಲಾಸಿನಲ್ಲಿ ಒಬ್ಬರಿಗಲ್ಲ ಒಬ್ಬರಿಗೆ ಜ್ವರ ಬರುತ್ತದೆ. ಕೋಡ್ ಬರೆಯಲು, ಸರ್ಕ್ಯೂಟ್ ಜೋಡಿಸಲು ಹೆದರದವರು ಹತ್ತು ನಿಮಿಷ ಮಾತನಾಡಬೇಕೆಂದರೆ ಬೆವರುತ್ತಾರೆ. ಹನೂರು, ಕೊಳ್ಳೇಗಾಲದ ಕಡೆಯಿಂದ ಬಂದವರಿಗಂತೂ ಎರಡು ಭಯ: ಒಂದು ವೇದಿಕೆಯದು, ಇನ್ನೊಂದು ಇಂಗ್ಲಿಷಿನದು. ಲಿಖಿತ ಪರೀಕ್ಷೆ ಪಾಸಾದವರೂ ಕ್ಯಾಂಪಸ್ ಸಂದರ್ಶನದ ಗುಂಪು ಚರ್ಚೆಯಲ್ಲಿ ಬಾಯಿ ಬಿಡದೆ ವಾಪಸಾಗುವುದನ್ನು ನೋಡಿದ್ದೇನೆ. ‘ನಮ್ಮ ಕಡೆಯವರಿಗೆ ಮಾತು ಬರಲ್ಲ ಬಿಡು’ ಎಂದು ನಾವೇ ಹೇಳಿಕೊಳ್ಳುತ್ತೇವೆ.

ಈ ಮಾತನ್ನು ನಾನು ಒಪ್ಪುವುದಿಲ್ಲ. ನನ್ನೂರು ಕೌದಳ್ಳಿ, ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ದಾರಿಯಲ್ಲಿದೆ. ದೇವರಗುಡ್ಡರು ಕಂಸಾಳೆ ಹಿಡಿದು ಮಾದಪ್ಪನ ಕಥೆಯನ್ನು ರಾತ್ರಿಯಿಡೀ ಹಾಡುವ ಸೀಮೆ ಇದು. ಅವರ ಕೈಯಲ್ಲಿ ಚೀಟಿಯಿಲ್ಲ, ಬೆನ್ನ ಹಿಂದೆ ಸ್ಲೈಡಿಲ್ಲ. ಪಿ.ಕೆ. ರಾಜಶೇಖರ ಅವರು ಸಂಗ್ರಹಿಸಿದ ಈ ಕಾವ್ಯ 1973ರಲ್ಲಿ ಪುಸ್ತಕವಾಗಿ ಬಂತು. ಅದಕ್ಕೂ ಎಷ್ಟೋ ಕಾಲದ ಹಿಂದಿನಿಂದ ಅದು ನಾಲಿಗೆಯಿಂದ ನಾಲಿಗೆಗೆ ದಾಟಿ ಬಂದದ್ದು. ಮಾತು ಬಾರದ ಸೀಮೆಯಲ್ಲಿ ಇದು ಸಾಧ್ಯವೇ?

ಅವರ ಕ್ರಮವನ್ನು ಸ್ವಲ್ಪ ಗಮನಿಸಿ. ಅಷ್ಟು ದೊಡ್ಡ ಕಥೆಯನ್ನು ‘ಸಾಲು’ಗಳಾಗಿ ವಿಂಗಡಿಸಿದ್ದಾರೆ. ಶ್ರವಣದೊರೆಯ ಸಾಲು, ಜುಂಜೇಗೌಡನ ಸಾಲು, ಸಂಕಮ್ಮನ ಸಾಲು ಹೀಗೆ. ಪ್ರತಿ ಸಾಲಿಗೂ ತನ್ನದೇ ಆದಿ, ಅಂತ್ಯ. ಸಂಕಮ್ಮನ ಸಾಲಿನಲ್ಲಿ ಗಂಡ ನೀಲೇಗೌಡ ಕಾಡಿಗೆ ಹೊರಡುವ ಮುನ್ನ ಹೆಂಡತಿಯಿಂದ ಭಾಷೆ ಕೇಳುತ್ತಾನೆ, ಆಕೆ ಕೊಡುವುದಿಲ್ಲ. ಮುಂದೇನಾಯಿತು ಎಂದು ಕೇಳುವವರು ಎದ್ದು ಕೂರುತ್ತಾರೆ. ನಾವೋ ಮೊದಲ ಸ್ಲೈಡಿನಲ್ಲಿ ‘ಪೀಠಿಕೆ’, ಎರಡನೆಯದರಲ್ಲಿ ‘ಉದ್ದೇಶಗಳು’ ಎಂದು ಬರೆದು, ಅದನ್ನೇ ಓದುತ್ತೇವೆ. ಆನೆ ಬಂದರೆ ಎಚ್ಚರಿಸುವ ಸೆನ್ಸರ್ ನಿಮ್ಮ ಪ್ರಾಜೆಕ್ಟ್ ಅಂದುಕೊಳ್ಳಿ. ಸೆನ್ಸರಿನ ವಿವರ ಆಮೇಲಿರಲಿ. ರಾತ್ರಿ ಜೋಳದ ಹೊಲ ಕಾಯುತ್ತ ಅಟ್ಟಣೆಯ ಮೇಲೆ ಕೂತ ರೈತನಿಂದ ಶುರು ಮಾಡಿ. ಪರೀಕ್ಷಕರೂ ತಲೆ ಎತ್ತುತ್ತಾರೆ.

ಇನ್ನೂ ಮುಖ್ಯವಾದದ್ದು ಕಲಿಯುವ ಬಗೆ. ಕಂಸಾಳೆಯಲ್ಲಿ ಯಾರೂ ಮೊದಲ ದಿನವೇ ಮುಂದೆ ನಿಂತು ಕಥೆ ಎತ್ತಿಕೊಳ್ಳುವುದಿಲ್ಲ. ಹಿಮ್ಮೇಳದಲ್ಲಿ ನಿಂತು ಸೊಲ್ಲು ಹಿಡಿಯುತ್ತಾರೆ, ತಾಳ ಕಲಿಯುತ್ತಾರೆ, ಕೇಳಿ ಕೇಳಿ ಕಥೆ ಬಾಯಿಗೆ ಬರುತ್ತದೆ. ನಮ್ಮ ಕಾಲೇಜುಗಳಲ್ಲಿ ಈ ಹಿಮ್ಮೇಳವೇ ಇಲ್ಲ. ಸೆಮಿನಾರ್, ವೈವಾಗಳಲ್ಲಿ ಮಾತಿಗೆ ಅಂಕ ಕೊಡುತ್ತಾರೆ, ಆದರೆ ಮಾತು ಕಲಿಸುವ ಪೀರಿಯಡ್ ಎಲ್ಲಿದೆ?

ಇಂಗ್ಲಿಷ್ ಬೇಡವೆನ್ನುತ್ತಿಲ್ಲ, ಕೆಲಸ ಬೇಕಾದರೆ ಕಲಿಯಲೇಬೇಕು. ಆದರೆ ವಿಷಯ ಜೋಡಿಸಿ ನಾಲ್ಕು ಜನರೆದುರು ಹೇಳುವುದು ಒಂದು ವಿದ್ಯೆ, ಇಂಗ್ಲಿಷ್ ಮತ್ತೊಂದು. ಎರಡನ್ನೂ ಒಂದೇ ದಿನ, ಅಂಕಪಟ್ಟಿ ಹಿಡಿದು ಕೂತವರ ಮುಂದೆ ತೋರಿಸು ಎಂದರೆ ಈಜು ಬಾರದವನನ್ನು ಹೊಳೆಗೆ ನೂಕಿದ ಹಾಗೆ. ಎಂಜಿನಿಯರಿಂಗನ್ನು ಕನ್ನಡದಲ್ಲೂ ಕಲಿಸಬಹುದೆಂದು ಎಐಸಿಟಿಇ 2021ರಲ್ಲೇ ಅನುಮತಿ ಕೊಟ್ಟಿದೆ. ಹಾಗಿರುವಾಗ ಮೊದಲ ವರ್ಷ ವಾರಕ್ಕೊಂದು ಪೀರಿಯಡ್, ಅಂಕವಿಲ್ಲದೆ, ಅವರವರ ಕನ್ನಡದಲ್ಲೇ ಎರಡು ನಿಮಿಷ ಮಾತನಾಡಲು ಬಿಟ್ಟರೆ ಯಾರಿಗೆ ನಷ್ಟ?

ಕಾಲೇಜು ಮಾಡುವವರೆಗೆ ನಾವು ಕಾಯಬೇಕಿಲ್ಲ. ಹಾಸ್ಟೆಲಿನಲ್ಲಿ ಐದು ಜನ ಸೇರಿದರೆ ಸಾಕು. ಒಬ್ಬರು ಮಾತನಾಡಲಿ, ಉಳಿದವರು ನಗದೆ ಕೇಳಿ ಪ್ರಶ್ನೆ ಹಾಕಲಿ. ಮೊದಲು ಕನ್ನಡದಲ್ಲಿ, ಅದೇ ವಿಷಯ ಮರುವಾರ ಇಂಗ್ಲಿಷಿನಲ್ಲಿ. ಹತ್ತು ವಾರ ಹೀಗೆ ಮಾಡಿ ನೋಡಿ. ನಾಲಿಗೆ ನಮ್ಮದೇ, ಪಳಗಿಸುವವರೂ ನಾವೇ ಆಗಬೇಕು.