ಜಾವೆಲಿನ್ ವರ್ಷಕ್ಕೊಮ್ಮೆ ಹೊರಬಂದರೆ ಸಾಕೇ?

ಗುರ್ಮೀತ್ ಕೌರ್ ಎಂಬ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? 1998ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ ಜಾವೆಲಿನ್ ಎಸೆದು ಕಂಚು ಗೆದ್ದವರು. 2000ದಲ್ಲಿ ಸಿಡ್ನಿ ಒಲಿಂಪಿಕ್ಸ್‌ಗೂ ಹೋದರು. ಅದೇ ವರ್ಷ ಅವರು ಬರೆದ 58.64 ಮೀಟರ್‌ಗಳ ರಾಷ್ಟ್ರೀಯ ದಾಖಲೆಯನ್ನು ಅಳಿಸಲು ಇನ್ನೊಬ್ಬ ಹುಡುಗಿಗೆ 14 ವರ್ಷ ಬೇಕಾಯಿತು. 2014ರಲ್ಲಿ ಅದನ್ನು ಮುರಿದವರು ಉತ್ತರ ಪ್ರದೇಶದ ಹಳ್ಳಿಯ ಅನ್ನು ರಾಣಿ.

ಅನ್ನುವನ್ನು ತಿದ್ದಿದ ಕೋಚ್‌ಗಳಲ್ಲಿ ಒಬ್ಬರು ನಮ್ಮ ಪಕ್ಕದವರೇ. ಸಾಗರದಿಂದ ಸಿದ್ದಾಪುರ ದಾಟಿದರೆ ಸಿಗುವ ಶಿರಸಿಯ ಕಾಶೀನಾಥ ನಾಯ್ಕ. 2010ರ ದೆಹಲಿ ಕಾಮನ್‌ವೆಲ್ತ್ ಕೂಟದಲ್ಲಿ ಅವರೂ ಕಂಚು ಗೆದ್ದಿದ್ದರು.

ವಿದ್ಯೆ ಇಷ್ಟು ಹತ್ತಿರದಲ್ಲಿದೆ. ಆದರೂ ಸಾಗರ, ಹೊಸನಗರ, ತೀರ್ಥಹಳ್ಳಿಯ ಹಳ್ಳಿಶಾಲೆಗಳಲ್ಲಿ ಹೆಚ್ಚಿನ ಹುಡುಗಿಯರು ಜಾವೆಲಿನ್ ಹಿಡಿಯುವುದು ತಾಲ್ಲೂಕು ಕ್ರೀಡಾಕೂಟ ಬಂದಾಗ ಮಾತ್ರ. ಅದೂ ಮಳೆ ಬಿಡದ ದಿನಗಳಲ್ಲಿ, ಕಾಲು ಜಾರುವ ಮೈದಾನದಲ್ಲಿ. ಇದು ಬರೀ ತೋಳ್ಬಲದ ಆಟವಲ್ಲ. ಓಟದ ವೇಗವನ್ನು ಮುಂದಿನ ಕಾಲು ತಡೆದು, ಸೊಂಟ, ಭುಜಗಳ ಮೂಲಕ ಕೈಗೆ ದಾಟಿಸಬೇಕು. ಒಂದು ವಾರದಲ್ಲಿ ಬರುವಂಥದ್ದಲ್ಲ. ತಪ್ಪಾಗಿ ಎಸೆದರೆ ಮೊಣಕೈಗೆ ಪೆಟ್ಟು.

ನಾವು ಸಿಂಥೆಟಿಕ್ ಟ್ರ್ಯಾಕ್ ಕೇಳುತ್ತಿಲ್ಲ. ಮಳೆ ನಿಂತ ಮೇಲೆ, ನವೆಂಬರ್‌ನಿಂದ ಮಾರ್ಚ್‌ವರೆಗೆ, ತಾಲ್ಲೂಕಿಗೊಂದು ಮೈದಾನದಲ್ಲಿ ವಾರಕ್ಕೆರಡು ದಿನ ಅಭ್ಯಾಸ ನಡೆಯಲಿ. ದೈಹಿಕ ಶಿಕ್ಷಕರಿಗೆ ನಾಯ್ಕರಂಥವರಿಂದ ತರಬೇತಿ ಕೊಡಿಸಲಿ. ದೂರದ ಊರಿನ ಹುಡುಗಿಯರಿಗೆ ಬಸ್ ಚಾರ್ಜು ಸಿಗಲಿ. ಗುರ್ಮೀತ್ ನಂತರ ದೇಶ 14 ವರ್ಷ ಕಾಯಿತು. ನಮ್ಮೂರಿನ ಹುಡುಗಿಯರು ಕಾಯುವುದು ಇನ್ನೆಷ್ಟು ವರ್ಷ?