ಬಾನುಲಿಯಲ್ಲಿ ವಾರಕ್ಕೊಂದು ಗಂಟೆ

ಶಿರ್ವದ ಮಂಚಕಲ್ಲು ಪೇಟೆಯ ಸುತ್ತಮುತ್ತ ಕಿವಿ ತೆರೆದು ನಡೆದಾಡಿದವನಿಗೆ ಎಷ್ಟು ವಿಧವಾದ ಸಂಗೀತವು ಕೇಳಿಬರುವುದೆಂಬುದನ್ನು ನಮ್ಮ ವಾಚಕರಿಗೆ ಹೇಳಬೇಕಾಗಿಲ್ಲ. ಆರೋಗ್ಯಮಾತೆಯ ಇಗರ್ಜಿಯಲ್ಲಿ ಕೊಂಕಣಿ ಸ್ತುತಿಗೀತೆಗಳು, ಭಜನಾಮಂದಿರಗಳಲ್ಲಿ ದಾಸರ ಪದಗಳು, ನೇಮದ ರಾತ್ರಿಯಲ್ಲಿ ಪಾಡ್ದನ, ಮುಸಲ್ಮಾನ ಬಾಂಧವರ ಮದುವೆಯಲ್ಲಿ ದಫ್, ಗದ್ದೆಯಲ್ಲಿ ಕಟ್ಟಿದ ರಂಗಸ್ಥಳದಿಂದ ಭಾಗವತರ ಪದ್ಯ, ಚಹದ ಅಂಗಡಿಯಲ್ಲಿ ಸಿನೆಮಾದ ಹಾಡು. ಇವನ್ನು ಹಾಡುವವರೂ ಕೇಳುವವರೂ ಉಡುಪಿಗೂ ಕಾರ್ಕಳಕ್ಕೂ ಒಂದೇ ಬಸ್ಸಿನಲ್ಲಿ ಹೋಗಿಬರುವ ಜನರು.

ಆದರೆ ಬಾನುಲಿಯ ಗುಂಡಿಯನ್ನು ತಿರುಗಿಸಿದೊಡನೆ ಈ ನೆರೆಹೊರೆಯು ಚದರಿಹೋಗುತ್ತದೆ. 1976ರಲ್ಲಿ ಆರಂಭವಾದ ಮಂಗಳೂರು ಆಕಾಶವಾಣಿಯು ತುಳು ಕೊಂಕಣಿಗಳಿಗೂ ಯಕ್ಷಗಾನಕ್ಕೂ ಸ್ಥಾನವನ್ನು ಕೊಟ್ಟ ಉಪಕಾರವನ್ನು ನಾವು ಮರೆತವರಲ್ಲ. ಆದರೂ ಒಂದೊಂದಕ್ಕೆ ಒಂದೊಂದು ವೇಳೆಯನ್ನು ಗೊತ್ತುಮಾಡಿದುದರ ಫಲವೇನು? ತನ್ನ ಸರದಿಯು ಮುಗಿದೊಡನೆ ಒಬ್ಬನು ಯಂತ್ರವನ್ನು ನಿಲ್ಲಿಸುತ್ತಾನೆ, ಇನ್ನೊಬ್ಬನು ಆಗ ಹಚ್ಚುತ್ತಾನೆ. ನೆರೆಮನೆಯವನ ಹಾಡು ನಮ್ಮ ಕಿವಿಗೆ ಬೀಳುವುದು ಅವನು ಧ್ವನಿವರ್ಧಕವನ್ನು ಜೋರಾಗಿ ಹಾಕಿ ನಮ್ಮ ನಿದ್ದೆಗೆಡಿಸಿದಾಗ ಮಾತ್ರ!

ನಮ್ಮ ಜಿಲ್ಲೆಗೆ ಕೇಳಿಸುವ ಪ್ರತಿಯೊಂದು ಬಾನುಲಿ ಕೇಂದ್ರವೂ ವಾರಕ್ಕೆ ಒಂದು ಗಂಟೆಯನ್ನು ಯಾವ ಭಾಷೆಗೂ ಯಾವ ಪ್ರಕಾರಕ್ಕೂ ಮೀಸಲಿಡದೆ, ತಿಳಿದವನಾದ ಒಬ್ಬ ನಿರೂಪಕನ ಕೈಗೆ ಒಪ್ಪಿಸಬೇಕೆಂಬುದು ನಮ್ಮ ಅಭಿಪ್ರಾಯವು. ಇದು ಕಲಸುಮೇಲೋಗರವಾದೀತೆಂದು ಕೆಲವರು ಆಕ್ಷೇಪಿಸುವರು. ಊಟದ ಎಲೆಯ ಮೇಲೆ ಉಪ್ಪಿನಕಾಯಿಯೂ ಪಾಯಸವೂ ಇರುವುದಷ್ಟೆ. ಬಡಿಸುವವನು ಕ್ರಮವನ್ನು ಬಲ್ಲವನಾದರೆ ಉಣ್ಣುವವನು ದೂರುವುದಿಲ್ಲ. ಇಂಗ್ಲೆಂಡಿನ ಜಾನ್ ಪೀಲ್ ಎಂಬವನು ಬಿಬಿಸಿಯ ರೇಡಿಯೋ ಒಂದರಲ್ಲಿ 1967ರಿಂದ 2004ರಲ್ಲಿ ತೀರಿಕೊಳ್ಳುವವರೆಗೂ ಹೀಗೆಯೇ ಬಡಿಸಿದನು. ಆಫ್ರಿಕದ ಗಿಟಾರಿನವರನ್ನೂ ಊರುಕೇರಿಯ ಹೊಸ ಹುಡುಗರನ್ನೂ ಒಂದೇ ಪಂಕ್ತಿಯಲ್ಲಿ ಕುಳ್ಳಿರಿಸಿದನು. ತಟ್ಟೆಯನ್ನು ತಪ್ಪು ವೇಗದಲ್ಲಿ ತಿರುಗಿಸಿಬಿಡುವುದು ಅವನಿಗೆ ವಾಡಿಕೆಯೇ ಆಗಿತ್ತಂತೆ. ಜನರು ಅದನ್ನೂ ಪ್ರೀತಿಯಿಂದ ಸಹಿಸಿದರು.

ನಿರೂಪಕನ ಸ್ಥಾನದಲ್ಲಿ ಅಧಿಕಾರವು ಬಂದು ಕುಳಿತರೆ ಏನಾಗುವುದೆಂಬುದಕ್ಕೆ ನಮ್ಮ ದೇಶದಲ್ಲಿಯೇ ನಿದರ್ಶನಗಳುಂಟು. 1940ರಲ್ಲಿ ಆಲ್ ಇಂಡಿಯಾ ರೇಡಿಯೋದವರು ಹಾರ್ಮೋನಿಯಮ್ ವಾದ್ಯವು ಭಾರತೀಯ ಸಂಗೀತಕ್ಕೆ ತಕ್ಕುದಲ್ಲವೆಂದು ಅದನ್ನು ಬಹಿಷ್ಕರಿಸಿದರು. ಆ ನಿರ್ಬಂಧವು ಸಡಿಲಿದುದು 1971ರಲ್ಲಿ. ಇತ್ತ ನಮ್ಮ ಕರಾವಳಿಯಲ್ಲಿ ಅದೇ ಹಾರ್ಮೋನಿಯಮ್ಮು ಇಗರ್ಜಿಯಲ್ಲಿಯೂ ಭಜನೆಯಲ್ಲಿಯೂ ಯಕ್ಷಗಾನದ ಹಿಮ್ಮೇಳದಲ್ಲಿಯೂ ಶ್ರುತಿ ಹಿಡಿದು ಕುಳಿತಿತ್ತು! ಸ್ವಾತಂತ್ರ್ಯ ಬಂದ ಮೇಲೆ, 1952ರಲ್ಲಿ ಪ್ರಸಾರ ಖಾತೆಯ ಸಚಿವರಾದ ಬಿ. ವಿ. ಕೇಸ್ಕರರ ಕಾಲದಲ್ಲಿ, ಸಿನೆಮಾದ ಹಾಡುಗಳು ಆಕಾಶವಾಣಿಯಿಂದ ಹೆಚ್ಚುಕಡಮೆ ಕಾಣೆಯಾದವು. ಶ್ರೋತೃಗಳು ಸಮುದ್ರ ದಾಟಿ ರೇಡಿಯೋ ಸಿಲೋನಿಗೆ ಹೋದರು. ಆ ವರ್ಷದ ಕೊನೆಗೆ ಅಲ್ಲಿ ಬಿನಾಕಾ ಗೀತಮಾಲಾ ಆರಂಭವಾಯಿತು. 1957ರ ಅಕ್ಟೋಬರ್ 3ರಂದು ವಿವಿಧಭಾರತಿಯನ್ನು ತೆರೆದು ಸರಕಾರವು ತನ್ನ ತಪ್ಪನ್ನು ಬಾಯಿಬಿಡದೆ ಒಪ್ಪಿಕೊಂಡಿತು.

ನಾವು ಬಾಲಕರಾಗಿದ್ದಾಗ ಬುಧವಾರದ ರಾತ್ರಿ ನಮ್ಮ ತಂದೆಯವರ ಅಂಗಡಿಯಲ್ಲಿ ಅಮೀನ್ ಸಯಾನಿಯವರ ಸ್ವರವನ್ನು ಕೇಳುತ್ತಿದ್ದೆವು. ಹಿಂದಿಯು ಅರ್ಧಂಬರ್ಧ ತಿಳಿಯುತ್ತಿತ್ತು. ಆದರೆ ಆ ಮನುಷ್ಯನು ಮೊದಲು ಸಹೋದರಿಯರನ್ನು ಕರೆದು ಆಮೇಲೆ ಸಹೋದರರನ್ನು ಕರೆಯುತ್ತಿದ್ದುದೂ, ಹಾಡಿದವರ ಹೆಸರನ್ನು ಬಿಡದೆ ಹೇಳುತ್ತಿದ್ದುದೂ ಮನಸ್ಸಿನಲ್ಲಿ ಉಳಿದವು. ಈ ಎರಡನೆಯ ಮಾತಿನ ಬೆಲೆಯು ನಮಗೆ ತಿಳಿದುದು ಬಹಳ ತಡವಾಗಿ, ಅದೂ ನಾಚಿಕೆಪಟ್ಟುಕೊಂಡು.

ಕೆಲವು ವರ್ಷಗಳ ಹಿಂದೆ ಒಂದು ಚಿಕ್ಕ ಬಾನುಲಿ ಕೇಂದ್ರದವರು ಇಂಥ ಕಾರ್ಯಕ್ರಮವೊಂದನ್ನು ನಡೆಸಲು ನಮ್ಮನ್ನು ಕರೆದಿದ್ದರು. ಮೂರನೆಯ ವಾರ, ನೇಜಿ ನೆಡುವಾಗ ಹೆಂಗಸರು ಹಾಡುವ ಒಂದು ಓಬೇಲೆಯನ್ನು ಹಾಕಿ, ಅದರ ಬೆನ್ನಿಗೇ ಕ್ರೈಸ್ತರ ಮದುವೆಯ ಮುನ್ನಾದಿನ ರೋಸಿನಲ್ಲಿ ಹೇಳುವ ವೋವಿಯನ್ನು ಹಾಕಿದೆವು. ಎರಡರಲ್ಲಿಯೂ ಒಬ್ಬಳು ಎತ್ತಿಕೊಡುವಳು, ಉಳಿದವರು ಕೂಡಿ ಹೇಳುವರು. ಭಾಷೆ ಬೇರೆ, ನಡೆ ಒಂದೇ. ಇದನ್ನು ಬಹು ಹೆಮ್ಮೆಯಿಂದಲೇ ವಿವರಿಸಿದೆವು. ಮರುದಿನ ಒಬ್ಬ ಮುದುಕಿಯು ಮೊಮ್ಮಗನನ್ನು ಕರೆದುಕೊಂಡು ನಮ್ಮ ಮುದ್ರಣಾಲಯದ ಮೆಟ್ಟಿಲನ್ನು ಹತ್ತಿ ಬಂದಳು. ಆ ಓಬೇಲೆಯನ್ನು ಎತ್ತಿಕೊಟ್ಟ ಸ್ವರವು ತೀರಿಹೋದ ಅವಳ ಅಕ್ಕನದಾಗಿತ್ತು. "ಸಿನೆಮಾದವರ ಹೆಸರು ಹೇಳಿದಿರಿ, ಪದ ಕಟ್ಟಿದವರ ಹೆಸರೂ ಹೇಳಿದಿರಿ. ನನ್ನ ಅಕ್ಕನಿಗೆ ಹೆಸರಿಲ್ಲವೆ, ಧನಿಗಳೆ?" ಎಂದು ತುಳುವಿನಲ್ಲಿ ಕೇಳಿದಳು. ನಾವು 'ಜಾನಪದ ಗೀತೆ' ಎಂದು ಹೇಳಿ ಮುಂದೆ ಸಾಗಿದ್ದೆವು. ಮೂವತ್ತು ವರ್ಷ ಪತ್ರಿಕೆಯನ್ನು ನಡೆಸಿದವರಿಗೆ ಆ ಗಳಿಗೆಯಲ್ಲಿ ಉತ್ತರವು ತೋಚಲಿಲ್ಲ. ಮುಂದಿನ ವಾರ ಆ ಹೆಸರನ್ನೂ ಆಕೆಯ ಊರನ್ನೂ ಎರಡು ಬಾರಿ ಹೇಳಿ ಹಾಡನ್ನು ಮತ್ತೊಮ್ಮೆ ಕೇಳಿಸಿದೆವು.

ಆ ಕಾರ್ಯಕ್ರಮವು ಹತ್ತೊಂಬತ್ತು ವಾರಗಳಿಗೆ ನಿಂತಿತು. ಕೇಳುವವರಿಲ್ಲವೆಂದಲ್ಲ, ನಮ್ಮವರ ಹಾಡಿಗೆ ಎಷ್ಟು ನಿಮಿಷ, ಅವರ ಹಾಡಿಗೆ ಎಷ್ಟು ನಿಮಿಷ ಎಂದು ಗಡಿಯಾರವನ್ನು ಹಿಡಿದು ಕುಳಿತವರ ಪತ್ರಗಳು ಹೆಚ್ಚಾದವು, ನಡೆಸುವವರು ಬೆದರಿದರು. ವಿಚಿತ್ರವೆಂದರೆ ಬೇರೆಬೇರೆ ಸಮಾಜಗಳಿಂದ ಬಂದ ಈ ಪತ್ರಗಳ ಒಕ್ಕಣೆಯು ಒಂದೇ ಆಗಿತ್ತು.

ಈಗ ಎಲ್ಲರ ಕೈಯಲ್ಲಿಯೂ ಮೊಬೈಲು ಇರುವಾಗ ಬಾನುಲಿಯ ನಿರೂಪಕನು ಏಕೆ ಬೇಕೆಂದು ಕೇಳಬಹುದು. ಮೊಬೈಲಿನ ಯಂತ್ರವು ನೀವು ನಿನ್ನೆ ಮೆಚ್ಚಿದುದನ್ನು ನೋಡಿಕೊಂಡು ಇಂದು ಅಂಥದನ್ನೇ ತಂದಿಡುವುದು. ಶಿರ್ವದ ಭಜನೆಯವನಿಗೆ ವೋವಿಯನ್ನು ಅದು ತಾನಾಗಿ ಕೇಳಿಸುವ ಸಂಭವವು ಕಡಮೆ. ಗದ್ದೆಗೆ ನಾಟಿಯ ಯಂತ್ರವು ಬಂದ ಮೇಲೆ ಓಬೇಲೆಯನ್ನು ಎತ್ತಿಕೊಡಬಲ್ಲ ಹೆಂಗಸರು ಊರಿಗೆ ಇಬ್ಬರೋ ಮೂವರೋ ಉಳಿದಿದ್ದಾರೆ. ಅವರು ಯಾವ ಯಂತ್ರದ ಪಟ್ಟಿಯಲ್ಲಿಯೂ ಇಲ್ಲ.

ಸಾಧನಗಳಿಗೇನೂ ಕೊರತೆಯಿಲ್ಲ. ಆಕಾಶದ ತರಂಗಗಳು ಸಾರ್ವಜನಿಕರ ಸ್ವತ್ತೆಂದು ಸುಪ್ರೀಂ ಕೋರ್ಟು 1995ರಲ್ಲಿಯೇ ತೀರ್ಪಿತ್ತಿತು. 2006ರಿಂದ ಸಂಘಸಂಸ್ಥೆಗಳಿಗೂ ಸಮುದಾಯ ಬಾನುಲಿಯ ಪರವಾನಗಿಯು ದೊರೆಯುತ್ತಿದೆ. ನೂರು ವಾಟಿನ ಪ್ರೇಷಕ, ಹತ್ತು ಹನ್ನೆರಡು ಕಿಲೋಮೀಟರಿನ ವ್ಯಾಪ್ತಿ. ಅರ್ಧದಷ್ಟಾದರೂ ಕಾರ್ಯಕ್ರಮವು ಸ್ಥಳೀಯವಾಗಿ ತಯಾರಾಗತಕ್ಕದ್ದೆಂಬ ನಿಯಮವೂ ಉಂಟು. ಮಣಿಪಾಲದಲ್ಲಿ 90.4ರ ರೇಡಿಯೋ ಮಣಿಪಾಲ, ಮಂಗಳೂರಿನ ಅಲೋಶಿಯಸ್ ಕಾಲೇಜಿನಲ್ಲಿ 107.8ರ ಸಾರಂಗ್, ಹೀಗೆ ವಿದ್ಯಾಸಂಸ್ಥೆಗಳೇ ಮುಂದೆ ಬಂದಿವೆ. ಹಣವಿಲ್ಲವೆಂಬವರು ಮೈಸೂರನ್ನು ನೆನೆಯಲಿ: 1935ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ಹೂಡಿದರು. ಅದಕ್ಕೆ ಇಟ್ಟ 'ಆಕಾಶವಾಣಿ' ಎಂಬ ಹೆಸರೇ ಮುಂದೆ ದೇಶಕ್ಕೆಲ್ಲ ಆಯಿತು.

ನಾವು ಕೇಳುವುದು ಇಷ್ಟೆ. ಆಯ್ಕೆಯು ನಿರೂಪಕನದಾಗಿರಲಿ, ನಿಮಿಷಗಳ ಲೆಕ್ಕವನ್ನು ಅವನಿಂದ ಯಾರೂ ಕೇಳದಿರಲಿ. ಹಾಡಿದವರ ಹೆಸರನ್ನೂ ಊರನ್ನೂ ಹೇಳದೆ ಒಂದು ಹಾಡನ್ನೂ ಅವನು ಹಾಕದಿರಲಿ. ಆ ಹೆಸರುಗಳಿಗೆ ಒಂದು ದಫ್ತರವಿರಲಿ. ಆ ಹತ್ತೊಂಬತ್ತು ವಾರಗಳಿಗಾಗಿ ಕೂಡಿಸಿದ ಕ್ಯಾಸೆಟ್ಟುಗಳು ನಮ್ಮ ಮುದ್ರಣಾಲಯದ ಕಪಾಟಿನಲ್ಲಿ ಹೆಸರುಚೀಟಿಗಳೊಡನೆ ಇವೆ. ಎರಡು ಮಳೆಗಾಲ ಕಳೆದರೆ ಬೂಸು ಹಿಡಿದು ಕೆಟ್ಟಾವು. ಯಾವ ಕೇಂದ್ರದವರು ಬಂದು ಕೇಳಿದರೂ ಒಂದು ರಸೀದಿಯನ್ನು ಬರೆಯಿಸಿಕೊಂಡು ಕೊಟ್ಟುಬಿಡುವೆವು.